ಪಾತ್ರೆಯೂ ಹೌದು, ಮುಚ್ಚಳವೂ ಹೌದು: ಒಂದು ಪೆಟ್ರೋಲ್ ಟ್ಯಾಂಕಿನ ವಿಮರ್ಶೆ

ಪೆಟ್ರೋಲ್ ತುಂಬಿಸುವವನಿಗೆ ಬೈಕಿನ ಟ್ಯಾಂಕ್ ಒಂದು ಪಾತ್ರೆ. ಬೈಕಿನ ಕೆಲಸವನ್ನು ತಾನೇ ಮಾಡಿಕೊಳ್ಳುವವನಿಗೆ ಅದು ಎಂಜಿನ್ನಿನ ಮೇಲೆ ಕವುಚಿಟ್ಟ ಮುಚ್ಚಳ. ಏರ್ ಫಿಲ್ಟರ್ ಬದಲಿಸಬೇಕೆಂದರೂ, ಸ್ಪಾರ್ಕ್ ಪ್ಲಗ್ ಬಿಚ್ಚಬೇಕೆಂದರೂ, ಎಂಜಿನ್ನಿನ ಕವಾಟಗಳ ಸಂದಿಯಾದ ಟ್ಯಾಪೆಟ್ ಅಂತರ ಅಳೆಯಬೇಕೆಂದರೂ ಎಷ್ಟೋ ಬೈಕುಗಳಲ್ಲಿ ಮೊದಲು ಮೇಲೇಳಬೇಕಾದದ್ದು ಟ್ಯಾಂಕೇ. ನಾನು ಆರು ವರ್ಷಗಳಿಂದ ಓಡಿಸುತ್ತಿರುವ, ಎರಡು ಸಿಲಿಂಡರ್ ಮತ್ತು ಫ್ಯೂಯಲ್ ಇಂಜೆಕ್ಷನ್ ಇರುವ ಮಧ್ಯಮ ಗಾತ್ರದ ಬೈಕಿನ 15 ಲೀಟರ್ ಉಕ್ಕಿನ ಟ್ಯಾಂಕನ್ನು ಈ ಅವಧಿಯಲ್ಲಿ ಹದಿನಾಲ್ಕು ಬಾರಿ ಕಳಚಿ ಮತ್ತೆ ಕೂರಿಸಿದ್ದೇನೆ. ಈ ವಿಮರ್ಶೆ ಆ ಹದಿನಾಲ್ಕು ಬಾರಿಯ ಅನುಭವದ್ದು. ತಯಾರಕರ ಹೆಸರನ್ನು ಬರೆಯುತ್ತಿಲ್ಲ. ಇದೇ ಬಗೆಯ ಜೋಡಣೆ ಹಲವು ಕಂಪನಿಗಳ ಬೈಕುಗಳಲ್ಲಿರುವುದರಿಂದ ಇಲ್ಲಿ ಹೇಳುವ ಗುಣದೋಷಗಳನ್ನು ಓದುಗರು ತಮ್ಮ ಬೈಕಿನ ಸೀಟು ತೆಗೆದು ತಾವೇ ಹೋಲಿಸಿ ನೋಡಿಕೊಳ್ಳಬಹುದು.

ಪಾತ್ರೆಯಾಗಿ ಈ ಟ್ಯಾಂಕಿನ ಬಗ್ಗೆ ನನಗೆ ದೂರು ಕಡಿಮೆ. ಬಣ್ಣ ಇನ್ನೂ ಮಾಸಿಲ್ಲ, ಮೊಣಕಾಲು ತಾಗುವ ಎರಡೂ ಬದಿಯ ತಗ್ಗುಗಳು ಎತ್ತರದ ಸವಾರನಿಗೂ ಗಿಡ್ಡ ಸವಾರನಿಗೂ ಹೊಂದುತ್ತವೆ, ಹ್ಯಾಂಡಲ್ ಪೂರ್ತಿ ತಿರುಗಿಸಿದರೂ ಹೆಬ್ಬೆರಳು ಟ್ಯಾಂಕಿಗೆ ಸಿಕ್ಕಿಕೊಳ್ಳುವುದಿಲ್ಲ. ಅಂದಚೆಂದದ ಮಾತನ್ನು ಇಲ್ಲಿಗೇ ಮುಗಿಸುತ್ತೇನೆ, ಏಕೆಂದರೆ ಬೈಕು ಕೊಳ್ಳುವಾಗ ಎಲ್ಲರೂ ನೋಡುವುದು ಟ್ಯಾಂಕಿನ ಮೇಲ್ಮೈಯನ್ನು. ಅದರ ನಿಜವಾದ ವಿನ್ಯಾಸ ಇರುವುದು ತಳದಲ್ಲಿ, ಮತ್ತು ಆ ತಳವನ್ನು ಶೋರೂಮಿನಲ್ಲಿ ಯಾರೂ ಬಗ್ಗಿ ನೋಡುವುದಿಲ್ಲ.

ಮೋಟಾರ್ ಸೈಕಲ್ಲಿನ ಆರಂಭದ ದಶಕಗಳಲ್ಲಿ ಟ್ಯಾಂಕ್ ಎಂದರೆ ಬೈಕಿನ ಎಲುಬುಗೂಡಾದ ಚಾಸಿಯ ಮೇಲಿನ ಎರಡು ಅಡ್ಡ ಕೊಳವೆಗಳ ನಡುವೆ ಸಿಕ್ಕಿಸಿದ ಚಪ್ಪಟೆ ಡಬ್ಬಿಯಾಗಿತ್ತು. 1920ರ ದಶಕದ ಕೊನೆಯ ಹೊತ್ತಿಗೆ ಚಾಸಿಯ ಬೆನ್ನುಕೊಳವೆಯ ಮೇಲೆ ಜೀನಿನಂತೆ ಕೂರುವ ಟ್ಯಾಂಕ್ ಬಂದಿತು, ಮತ್ತು ಇಂದಿಗೂ ಹೆಚ್ಚಿನ ಬೈಕುಗಳಲ್ಲಿ ಇರುವುದು ಅದೇ. ಈ ಬಗೆಯ ಟ್ಯಾಂಕಿನ ತಳದ ನಡುವೆ ಉದ್ದಕ್ಕೂ ಒಂದು ತೋಡು ಇರುತ್ತದೆ. ಚಾಸಿಯ ಕೊಳವೆ ಆ ತೋಡಿನೊಳಗೆ ಹಾಯುತ್ತದೆ. ಪೆಟ್ರೋಲ್ ಅದರ ಎಡಬಲಕ್ಕೆ, ಕತ್ತೆಯ ಬೆನ್ನ ಮೇಲೆ ಹೇರಿದ ಜೋಡಿ ಮೂಟೆಗಳಂತೆ ಜೋತು ನಿಲ್ಲುತ್ತದೆ. ತೋಡು ಎಷ್ಟು ಆಳವಾಗಿದ್ದರೆ ಟ್ಯಾಂಕ್ ಅಷ್ಟು ಕೆಳಗೆ ಕೂರುತ್ತದೆ, ತೂಕವೂ ಅಷ್ಟು ಕೆಳಗಿಳಿಯುತ್ತದೆ. ಆದರೆ ಆಳವಾದ ತೋಡಿಗೆ ಒಂದು ಬೆಲೆ ತೆರಬೇಕಾಗುತ್ತದೆ. ಪೆಟ್ರೋಲಿನ ಮಟ್ಟ ತೋಡಿನ ಅಂಚಿಗಿಂತ ಕೆಳಗಿಳಿದ ಮೇಲೆ ಎರಡೂ ಬದಿಗಳು ಬೇರೆ ಬೇರೆ ಬಾವಿಗಳಾಗುತ್ತವೆ, ಪಂಪ್ ಇಲ್ಲದ ಬದಿಯಲ್ಲಿ ಉಳಿದದ್ದು ಅಲ್ಲೇ ಉಳಿಯುತ್ತದೆ. ಹಳೆಯ ಬೈಕುಗಳಲ್ಲಿ ಎರಡು ಬದಿಗಳನ್ನೂ ಕೆಳಗಿನಿಂದ ಜೋಡಿಸುವ ಒಂದು ಸಣ್ಣ ರಬ್ಬರ್ ಪೈಪ್ ಇರುತ್ತಿತ್ತು. ನನ್ನ ಬೈಕಿನಲ್ಲಿ ಅದು ಇಲ್ಲ. ಪಂಪ್ ಬಲಬದಿಯಲ್ಲಿರುವುದರಿಂದ ಎಡಬದಿಯ ತಳದಲ್ಲಿ ಸುಮಾರು ಮುಕ್ಕಾಲು ಲೀಟರ್ ಪೆಟ್ರೋಲ್ ಎಂದೂ ಎಂಜಿನ್ನಿಗೆ ತಲುಪದೆ ಕೂತಿರುತ್ತದೆ. ಬೈಕನ್ನು ಬಲಕ್ಕೆ ವಾಲಿಸಿದರೆ ಅದರಲ್ಲಿ ಸ್ವಲ್ಪ ದಾಟುತ್ತದೆ ನಿಜ. ತೊಂದರೆ ಇರುವುದು ಕಳೆದುಹೋದ ಆ ಮುಕ್ಕಾಲು ಲೀಟರಿನಲ್ಲಿ ಅಷ್ಟಾಗಿ ಅಲ್ಲ. ಟ್ಯಾಂಕಿನೊಳಗೆ ಸೇರುವ ನೀರಿನ ಒಂದು ಪಾಲು ಅದೇ ತಳಕ್ಕೆ ಇಳಿದು, ಯಾರೂ ಕದಡದೆ, ತಿಂಗಳುಗಟ್ಟಲೆ ಉಕ್ಕನ್ನು ತಿನ್ನುತ್ತಾ ಕೂರುತ್ತದೆ ಎಂಬುದರಲ್ಲಿ. ಅಲ್ಲೊಂದು ಡ್ರೈನ್ ಸ್ಕ್ರೂ ಕೊಟ್ಟಿದ್ದರೆ ಸಾಕಿತ್ತು. ಕೊಟ್ಟಿಲ್ಲ.

ಇನ್ನು ಮುಚ್ಚಳದ ಕೆಲಸಕ್ಕೆ ಬರುತ್ತೇನೆ. ಈ ಟ್ಯಾಂಕನ್ನು ಎತ್ತಬೇಕಾದರೆ ಸೀಟು ತೆಗೆಯಬೇಕು. ಎರಡು ಪಕ್ಕದ ಪ್ಯಾನಲ್ಲುಗಳನ್ನು ಬಿಚ್ಚಬೇಕು. ಅವುಗಳ ಒಳಗಿರುವ ಪ್ಲಾಸ್ಟಿಕ್ ಗೂಟಗಳು ರಬ್ಬರ್ ಬುಷ್‌ಗಳಿಂದ ಮುರಿಯದೆ ಹೊರಬರುವಂತೆ ನೇರವಾಗಿ ಎಳೆಯಬೇಕು. ಆಮೇಲೆ ಟ್ಯಾಂಕಿನ ಹಿಂತುದಿಯ ಒಂದೇ ಒಂದು ಬೋಲ್ಟನ್ನು ಬಿಚ್ಚಿ, ಟ್ಯಾಂಕನ್ನು ಹಿಂದಿನಿಂದ ನಾಲ್ಕು ಬೆರಳಿನಷ್ಟು ಎತ್ತಿ ಹಿಡಿದು, ಆ ಸಂದಿಯಲ್ಲಿ ಕೈ ತೂರಿಸಿ ಪಂಪಿನ ವೈರಿನ ಕಪ್ಲರ್, ಪೆಟ್ರೋಲ್ ಪೈಪ್, ಗಾಳಿಯ ಪೈಪ್, ಮಳೆನೀರಿನ ಪೈಪ್ ಈ ನಾಲ್ಕನ್ನೂ ಕಳಚಬೇಕು. ಇಲ್ಲಿಯೇ ವಿನ್ಯಾಸಕರು ಎಡವಿರುವುದು. ಎತ್ತಿ ಹಿಡಿಯಲು ಒಂದು ಕೈ, ಪೈಪಿನ ಲಾಕನ್ನು ಎರಡೂ ಬದಿಯಿಂದ ಒತ್ತಲು ಒಂದು ಕೈ, ಪೈಪನ್ನು ಎಳೆಯಲು ಇನ್ನೊಂದು ಕೈ ಬೇಕು. ಮನುಷ್ಯನಿಗೆ ಇರುವುದು ಎರಡು. ಪೆಟ್ರೋಲಿನ ತೂಕ ಲೀಟರಿಗೆ ಸುಮಾರು 740 ಗ್ರಾಂ ಇರುವುದರಿಂದ ತುಂಬಿದ 15 ಲೀಟರ್ ಎಂದರೆ 11 ಕಿಲೋಗ್ರಾಂ, ಅದರ ಮೇಲೆ ಟ್ಯಾಂಕಿನ ಸ್ವಂತ ತೂಕ. ಮೊದಲ ಬಾರಿ ಈ ಕೆಲಸಕ್ಕೆ ನನಗೆ ಒಂದು ಗಂಟೆ ಹತ್ತು ನಿಮಿಷ ಹಿಡಿದಿತ್ತು. ಈಗ ಇಪ್ಪತ್ತೈದು ನಿಮಿಷ ಸಾಕು, ಅದೂ ಟ್ಯಾಂಕ್ ಕಾಲು ಭಾಗಕ್ಕೆ ಇಳಿಯುವವರೆಗೆ ಕಾದು, ಹಿಂದಿನ ಸಂದಿಗೆ ಮರದ ತುಂಡೊಂದನ್ನು ಆನಿಸುವುದನ್ನು ಕಲಿತ ಮೇಲೆ.

ಇದೇ ಕೆಲಸ ಇಷ್ಟು ಕಷ್ಟವಾಗಬೇಕಿಲ್ಲ ಎಂಬುದಕ್ಕೆ ಸಾಕ್ಷಿ ಬಹಳ ಹಿಂದಿನಿಂದಲೂ ಇದೆ. 1999ರಲ್ಲಿ ಬಂದ ಸುಜುಕಿ ಎಸ್‌ವಿ650ರ ಟ್ಯಾಂಕ್ ಹಿಂಬದಿಯ ಕೀಲಿನ ಮೇಲೆ ತಿರುಗುತ್ತದೆ. ಮುಂದಿನ ಬೋಲ್ಟುಗಳನ್ನು ಬಿಚ್ಚಿ, ಟ್ಯಾಂಕಿನ ಮುಂಭಾಗವನ್ನು ಕಾರಿನ ಬಾನೆಟ್ಟಿನಂತೆ ಮೇಲೆತ್ತಿ, ಸೀಟಿನ ಕೆಳಗೆ ಇಟ್ಟಿರುವ ಕಬ್ಬಿಣದ ಊರುಗೋಲನ್ನು ಆನಿಸಿದರೆ ಮುಗಿಯಿತು. ಒಂದು ಪೈಪನ್ನೂ ಕಳಚದೆ ಏರ್ ಫಿಲ್ಟರ್ ಕಾಣುತ್ತದೆ. ಪರಿಚಿತರೊಬ್ಬರ ಎಸ್‌ವಿಯಲ್ಲಿ ಈ ಕೆಲಸವನ್ನು ನಾನೇ ಮಾಡಿದ್ದೇನೆ. ಆರು ನಿಮಿಷದಲ್ಲಿ ಫಿಲ್ಟರ್ ಕೈಗೆ ಬಂದಿತ್ತು. ಆ ಊರುಗೋಲು ತಯಾರಕರಿಗೆ ಒಂದು ಕಂಬಿಯ ಖರ್ಚಷ್ಟೇ. ಅದನ್ನು ಕೊಡಬೇಕೆಂದು ತೀರ್ಮಾನಿಸಿದವರು ಎಂದಾದರೂ ಕೈಯಲ್ಲಿ ಸ್ಪ್ಯಾನರ್ ಹಿಡಿದವರೇ ಆಗಿರಬೇಕು.

ಟ್ಯಾಂಕನ್ನು ಎತ್ತುವ ಅಗತ್ಯವನ್ನೇ ತಪ್ಪಿಸುವುದು ಇನ್ನೊಂದು ದಾರಿ. 2019ರ ಕೆಟಿಎಂ 790 ಅಡ್ವೆಂಚರಿನಲ್ಲಿ 20 ಲೀಟರಿನ ಟ್ಯಾಂಕ್ ಎಂಜಿನ್ನಿನ ಎರಡೂ ಪಕ್ಕಕ್ಕೆ ಮೊಣಕಾಲಿಗಿಂತ ಕೆಳಗಿನವರೆಗೂ ಜೋತು ಬಿದ್ದಿದೆ. ನೋಡಲು ಎಲ್ಲರಿಗೂ ಹಿಡಿಸುವಂಥದ್ದಲ್ಲ, ಆದರೆ ತೂಕ ಕೆಳಗಿಳಿದಿದೆ, ಮತ್ತು ಏರ್ ಫಿಲ್ಟರನ್ನು ಸೀಟಿನ ಕೆಳಗೆ ಇಟ್ಟಿರುವುದರಿಂದ ಧೂಳಿನ ದಾರಿಯಲ್ಲಿ ಅದನ್ನು ಪದೇ ಪದೇ ನೋಡಿಕೊಳ್ಳಬೇಕಾದವರಿಗೆ ಟ್ಯಾಂಕಿನ ತಂಟೆಯೇ ಇಲ್ಲ. ಹೋಂಡಾ ಕಂಪನಿ 1975ರ ಗೋಲ್ಡ್ ವಿಂಗಿನಲ್ಲಿ ನಿಜವಾದ ಟ್ಯಾಂಕನ್ನು ಸೀಟಿನ ಕೆಳಗೆ ಇಳಿಸಿ, ಮೇಲೆ ಟ್ಯಾಂಕಿನಂತೆ ಕಾಣುವ ಒಂದು ಹುಸಿ ಕವಚವನ್ನು ಕೂರಿಸಿತು. ಅದರ ಪಕ್ಕಗಳನ್ನು ತೆರೆದರೆ ಒಳಗೆ ವಿದ್ಯುತ್ ಭಾಗಗಳು ಕೈಗೆ ಸಿಗುತ್ತಿದ್ದವು. ಬಿಎಂಡಬ್ಲ್ಯೂ ಎಫ್800ಜಿಎಸ್ ಕೂಡ ಟ್ಯಾಂಕನ್ನು ಸೀಟಿನ ಕೆಳಗೆ ಇಟ್ಟು, ಪೆಟ್ರೋಲ್ ತುಂಬಿಸುವ ಬಾಯಿಯನ್ನು ಹಿಂಬದಿಯ ಬಲಪಕ್ಕಕ್ಕೆ ಕೊಟ್ಟಿತ್ತು, ಆದರೆ ಅದರ ಮುಂದಿನ ಪೀಳಿಗೆಯಾದ ಎಫ್850ಜಿಎಸ್‌ನಲ್ಲಿ ಟ್ಯಾಂಕ್ ಮತ್ತೆ ಸವಾರನ ಮುಂದಿನ ಹಳೆಯ ಜಾಗಕ್ಕೇ ಮರಳಿತು. ಜಾಗ ಬದಲಿಸಿದ ಮಾತ್ರಕ್ಕೆ ಎಲ್ಲವೂ ಸುಲಭವಾಗುತ್ತದೆ ಎನ್ನುವಂತೆಯೂ ಇಲ್ಲ. 1984ರ ಹೋಂಡಾ ಎನ್ಎಸ್ಆರ್500 ರೇಸ್ ಬೈಕಿನಲ್ಲಿ ಟ್ಯಾಂಕನ್ನು ಎಂಜಿನ್ನಿನ ಕೆಳಗೆ ಇಟ್ಟು, ಸೈಲೆನ್ಸರಿನ ಉಬ್ಬು ಕೊಳವೆಗಳನ್ನು ಎಂಜಿನ್ನಿನ ಮೇಲಿಂದ, ಹುಸಿ ಟ್ಯಾಂಕಿನ ಕೆಳಗಿಂದ ಹಾಯಿಸಿದ್ದರು. ಕಾರ್ಬ್ಯುರೇಟರ್ ಮುಟ್ಟಬೇಕಾದ ಮೆಕ್ಯಾನಿಕ್ಕಿಗೆ ಮೊದಲು ಎದುರಾಗುತ್ತಿದ್ದದ್ದು ಕಾದ ಕೊಳವೆಗಳು. ಪೆಟ್ರೋಲ್ ಖಾಲಿಯಾಗುತ್ತಾ ಹೋದಂತೆ ಬೈಕಿನ ನಡತೆಯೂ ಬದಲಾಗುತ್ತಿತ್ತು. ಮರುವರ್ಷವೇ ಟ್ಯಾಂಕ್ ಮೇಲಕ್ಕೆ, ಕೊಳವೆಗಳು ಕೆಳಕ್ಕೆ ಹೋದವು.

ನನ್ನ ಟ್ಯಾಂಕಿಗೆ ಮರಳುತ್ತೇನೆ. ಅದನ್ನು ಕೂರಿಸುವ ವ್ಯವಸ್ಥೆಯನ್ನು ಮಾತ್ರ ಮೆಚ್ಚಲೇಬೇಕು. ಮುಂಭಾಗದಲ್ಲಿ ಚಾಸಿಗೆ ಎರಡು ದುಂಡನೆಯ ರಬ್ಬರ್ ಬುಷ್‌ಗಳಿವೆ, ಟ್ಯಾಂಕಿನ ತಳದ ತಗಡಿನ ಬಟ್ಟಲುಗಳು ಅವುಗಳ ಮೇಲೆ ಜಾರಿ ಕೂರುತ್ತವೆ. ಹಿಂದಿನ ಬೋಲ್ಟು ರಬ್ಬರಿನ ನಡುವಿನ ಉಕ್ಕಿನ ತೋಳಿನ, ಅಂದರೆ ಸ್ಲೀವ್ ಎನ್ನುವ ಗಿಡ್ಡ ಕೊಳವೆಯ, ಮೂಲಕ ಹಾಯುತ್ತದೆ. ಬೋಲ್ಟನ್ನು ಎಷ್ಟೇ ಬಿಗಿದರೂ ಬಿಗಿತ ಬೀಳುವುದು ಆ ತೋಳಿನ ಮೇಲೆ, ರಬ್ಬರಿನ ಮೇಲಲ್ಲ. ಹಾಗಾಗಿ ಟ್ಯಾಂಕ್ ಎಂಜಿನ್ನಿನ ನಡುಕದಿಂದ ದೂರ ತೇಲಿಕೊಂಡಿರುತ್ತದೆ. ಗ್ಯಾರೇಜಿನಲ್ಲಿ ಕೆಲಸವಾಗಿ ಬಂದ ಎಷ್ಟೋ ಬೈಕುಗಳಲ್ಲಿ ಈ ಸಣ್ಣ ತೋಳು ಕಾಣೆಯಾಗಿರುವುದನ್ನು ನೋಡಿದ್ದೇನೆ. ಅದಿಲ್ಲದೆ ಬಿಗಿದರೆ ರಬ್ಬರ್ ಹಿಂಡಿ ಹೋಗಿ ನಡುಕವೆಲ್ಲ ಹಿಂಬದಿಯ ತಗಡಿನ ಕಿವಿಗೆ ತಾಗುತ್ತದೆ, ಕೊನೆಗೆ ವೆಲ್ಡಿನ ಅಂಚಿನಲ್ಲಿ ಬಿರುಕು ಬಿಟ್ಟು ಪೆಟ್ರೋಲ್ ಒಸರುತ್ತದೆ. ಮುಂದಿನ ಬುಷ್‌ಗಳು ಬಿಗಿಯಾಗಿದ್ದರೆ ಸೋಪಿನ ನೀರು ಸವರಬೇಕು. ಗ್ರೀಸ್ ಹಚ್ಚಿದರೆ ರಬ್ಬರ್ ಉಬ್ಬುತ್ತದೆ.

ಈಗ ಬಾಯಿಯ ಮುಚ್ಚಳದ ವಿಷಯ. ವಿಮಾನದ ಟ್ಯಾಂಕಿನ ಮುಚ್ಚಳದಂತೆ ಮೇಲ್ಮೈಗೆ ಸಮನಾಗಿ ಕೂರುವ ಇಂಥ ಮುಚ್ಚಳದ ಸುತ್ತ ಒಂದು ಉಂಗುರದಂಥ ತಗ್ಗು ಇರುತ್ತದೆ. ಮಳೆನೀರು, ತೊಳೆದ ನೀರು, ಚೆಲ್ಲಿದ ಪೆಟ್ರೋಲ್ ಎಲ್ಲವೂ ಅಲ್ಲಿ ಸೇರಿ, ಒಂದು ಸೂಜಿರಂಧ್ರದ ಮೂಲಕ ಟ್ಯಾಂಕಿನ ಒಳಗಿಂದಲೇ ಹಾಯುವ ತೆಳು ಕೊಳವೆಯಲ್ಲಿ ಇಳಿದು, ತಳದಿಂದ ರಬ್ಬರ್ ಪೈಪಿನ ಮೂಲಕ ನೆಲಕ್ಕೆ ಬೀಳಬೇಕು. ಒಂಬತ್ತನೆಯ ಬಾರಿ ಟ್ಯಾಂಕ್ ಕೂರಿಸುವಾಗ ಈ ಪೈಪು ಟ್ಯಾಂಕಿಗೂ ಚಾಸಿಗೂ ನಡುವೆ ಸಿಕ್ಕಿ ಮಡಚಿಕೊಂಡದ್ದು ನನಗೆ ಕಾಣಲಿಲ್ಲ. ಎರಡು ದಿನ ಬಿಡದೆ ಮಳೆ ಸುರಿಯಿತು, ಬೈಕು ಹೊರಗೆ ನಿಂತಿತ್ತು. ಉಂಗುರದಲ್ಲಿ ನಿಂತ ನೀರಿಗೆ ಇಳಿಯಲು ದಾರಿಯಿಲ್ಲದೆ, ಸವೆದ ರಬ್ಬರ್ ವಾಷರನ್ನು ದಾಟಿ ಒಳಗೆ ಹೋಗಿದೆ. ಮೂರನೆಯ ದಿನ ಬೈಕು ಸ್ಟಾರ್ಟ್ ಆಯಿತು, ಒಂದು ಕಿಲೋಮೀಟರ್ ಓಡಿ ಬಿಕ್ಕಳಿಸಿ ನಿಂತಿತು. ಪೆಟ್ರೋಲನ್ನು ಗಾಜಿನ ಜಾಡಿಗೆ ಇಳಿಸಿ ಅರ್ಧ ಗಂಟೆ ಬಿಟ್ಟಾಗ ಎರಡು ಪದರಗಳು ಸ್ಪಷ್ಟವಾಗಿ ಬೇರೆಯಾದವು. ತಪ್ಪು ನನ್ನದೇ, ಒಪ್ಪುತ್ತೇನೆ. ಆದರೆ ಮಡಚಿದರೆ ಬೈಕನ್ನೇ ನಿಲ್ಲಿಸುವ ಪೈಪನ್ನು ಕಣ್ಣಿಗೆ ಕಾಣದ ಜಾಗದಲ್ಲಿ, ಹಿಡಿದಿಡುವ ಒಂದು ಕ್ಲಿಪ್ಪೂ ಇಲ್ಲದೆ ಬಿಟ್ಟವರ ಪಾಲೂ ಅದರಲ್ಲಿ ಇದೆ. ಈಗ ಪ್ರತಿ ಸಲ ಟ್ಯಾಂಕ್ ಕೂರಿಸಿದ ಮೇಲೆ ಉಂಗುರಕ್ಕೆ ಒಂದು ಚಮಚ ನೀರು ಸುರಿದು, ಅದು ಕೆಳಗೆ ತೊಟ್ಟಿಕ್ಕುವುದನ್ನು ನೋಡಿಯೇ ಬೋಲ್ಟ್ ಬಿಗಿಯುತ್ತೇನೆ.

ನೀರಿನ ಪೈಪಿನ ಪಕ್ಕದಲ್ಲೇ ಇರುವ ಗಾಳಿಯ ಪೈಪ್ ಬೇರೆ ಕೆಲಸದ್ದು, ಅದಲುಬದಲು ಮಾಡಬಾರದು. ಪೆಟ್ರೋಲ್ ಇಳಿದಷ್ಟೂ ಗಾಳಿ ಒಳಗೆ ಬರಬೇಕು. ದಾರಿ ಮುಚ್ಚಿದರೆ ಟ್ಯಾಂಕಿನೊಳಗೆ ಎಳೆತ ಹೆಚ್ಚಿ ಪೆಟ್ರೋಲ್ ಇಳಿಯುವುದು ತಡೆಯುತ್ತದೆ. ಬೈಕು ನಿಂತ ತಕ್ಷಣ ಮುಚ್ಚಳ ತೆರೆದಾಗ ಸುಯ್ಯೆಂದು ಗಾಳಿ ಒಳನುಗ್ಗಿ, ಮರುಕ್ಷಣವೇ ಎಂಜಿನ್ ಸರಾಗವಾಗಿ ಓಡಿದರೆ ದೋಷ ಇಲ್ಲಿಯೇ ಇದೆ ಎಂದು ತಿಳಿಯಬೇಕು. ಹೊಗೆ ನಿಯಮಗಳಿಗಾಗಿ ಈಗಿನ ಬೈಕುಗಳಲ್ಲಿ ಈ ಪೈಪು ಇದ್ದಿಲು ತುಂಬಿದ ಡಬ್ಬಿಗೆ ಹೋಗಿ ಪೆಟ್ರೋಲಿನ ಆವಿಯನ್ನು ಅಲ್ಲಿ ಹಿಡಿದಿಡುತ್ತದೆ. ಬಾಯಿಯವರೆಗೆ ತುಳುಕುವಂತೆ ತುಂಬಿಸಿದರೆ ದ್ರವವೇ ಆ ಡಬ್ಬಿಗೆ ನುಗ್ಗಿ ಇದ್ದಿಲನ್ನು ಹಾಳುಮಾಡುತ್ತದೆ. ತಾಪ ಒಂದು ಡಿಗ್ರಿ ಏರಿದರೆ ಪೆಟ್ರೋಲ್ ಸಾವಿರದಲ್ಲಿ ಒಂದು ಪಾಲಿನಷ್ಟು ಹಿಗ್ಗುತ್ತದೆ. ನೆಲದಡಿಯಿಂದ ತಣ್ಣಗೆ ಬಂದ 15 ಲೀಟರ್ ಬಿಸಿಲಿನಲ್ಲಿ 20 ಡಿಗ್ರಿ ಕಾದರೆ ಕಾಲು ಲೀಟರಿಗಿಂತ ಹೆಚ್ಚು ಜಾಗ ಕೇಳುತ್ತದೆ. ಈ ಟ್ಯಾಂಕಿನ ಬಾಯಿಯ ಕೊರಳು ಒಳಕ್ಕೆ ಮೂರು ಬೆರಳಿನಷ್ಟು ಇಳಿದಿದೆ, ಅದರ ತುದಿಗೆ ಪೆಟ್ರೋಲ್ ತಾಗಿದಾಗ ನಿಲ್ಲಿಸಿದರೆ ಹಿಗ್ಗಲು ಬೇಕಾದ ಜಾಗ ತಾನಾಗಿ ಉಳಿಯುತ್ತದೆ. ಅಚ್ಚುಕಟ್ಟಾದ ಏರ್ಪಾಡು.

ಪಂಪಿನ ಜೋಡಣೆ ಅಷ್ಟು ಅಚ್ಚುಕಟ್ಟಲ್ಲ. ಕಾರ್ಬ್ಯುರೇಟರ್ ಕಾಲದಲ್ಲಿ ಟ್ಯಾಂಕಿನ ತಳದಲ್ಲಿ ಇದ್ದದ್ದು ಒಂದು ಪೆಟ್ರೋಲ್ ಕಾಕ್. ಅದರೊಳಗಿನ ಉದ್ದ ಕೊಳವೆ ಮೇಲಿನ ಪೆಟ್ರೋಲನ್ನು, ತಳದ ರಂಧ್ರ ರಿಸರ್ವನ್ನು ಎಳೆಯುತ್ತಿತ್ತು, ಬಿಚ್ಚಿದರೆ ಜಾಲರಿ ಕೈಗೆ ಬರುತ್ತಿತ್ತು, ತೊಳೆದು ಮತ್ತೆ ಹಾಕಬಹುದಿತ್ತು. ಈಗ ಟ್ಯಾಂಕಿನೊಳಗೇ ಮುಳುಗಿರುವ ಪಂಪ್ ಪೆಟ್ರೋಲನ್ನು ಸುಮಾರು 3 ಬಾರ್ ಒತ್ತಡದಲ್ಲಿ ತಳ್ಳುತ್ತದೆ. ಹಾಗಾಗಿ ಪೈಪ್ ಕಳಚುವ ಮೊದಲು ಪಂಪಿನ ಕಪ್ಲರ್ ತೆಗೆದು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಒತ್ತಡ ಇಳಿಸಬೇಕು, ಇಲ್ಲವಾದರೆ ಬಿಸಿ ಎಂಜಿನ್ನಿನ ಮೇಲೆಯೇ ಪೆಟ್ರೋಲ್ ಚಿಮ್ಮುತ್ತದೆ. ನನ್ನ ಬೈಕಿನಲ್ಲಿ ಪಂಪನ್ನು ತಳದ ತಟ್ಟೆಗೆ ಆರು ಬೋಲ್ಟುಗಳಿಂದ ಜೋಡಿಸಿದ್ದಾರೆ. ಅದನ್ನು ಹೊರತೆಗೆಯಲು ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿ, ಕಂಬಳಿಯ ಮೇಲೆ ತಲೆಕೆಳಗಾಗಿ ಮಲಗಿಸಬೇಕು. ತೆಗೆದ ಮೇಲೆ ಸೋರದಂತೆ ತಡೆಯುವ ಹಳೆಯ ರಬ್ಬರ್ ಉಂಗುರ, ಓ-ರಿಂಗ್, ಪೆಟ್ರೋಲ್ ಕುಡಿದು ಉಬ್ಬಿರುವುದರಿಂದ ತಾನು ಕೂರುವ ತಗ್ಗಿಗೆ ಮರಳಿ ಹೋಗುವುದೇ ಇಲ್ಲ. ಹೊಸದನ್ನು ಮೊದಲೇ ತಂದಿಟ್ಟುಕೊಂಡಿರಬೇಕು. ಇದಾದರೂ ಸಹಿಸಬಹುದು. ಪಂಪಿನೊಳಗಿನ ಫಿಲ್ಟರನ್ನು ಮಾತ್ರ ಬೇರೆಯಾಗಿ ಮಾರದೆ, ಫಿಲ್ಟರ್ ಕಟ್ಟಿದರೂ ಪಂಪು, ಪೆಟ್ರೋಲಿನ ಮಟ್ಟ ಅಳೆಯಲು ತೇಲುವ ಫ್ಲೋಟು, ತಟ್ಟೆ ಎಲ್ಲವನ್ನೂ ಒಟ್ಟಾಗಿ ಕೊಳ್ಳಬೇಕೆನ್ನುವುದು ನನ್ನ ಮಟ್ಟಿಗೆ ಈ ಟ್ಯಾಂಕಿನ ಅತಿ ದೊಡ್ಡ ದೋಷ. ಬತ್ತಿ ಕರಿಕಾಯಿತೆಂದು ಯಾರೂ ದೀಪವನ್ನೇ ಬದಲಿಸುವುದಿಲ್ಲ.

ಒಳಮೈಗೆ ಬಂದರೆ, ಎಥನಾಲ್ ಬೆರೆತ ಪೆಟ್ರೋಲಿನ ಈ ಕಾಲದಲ್ಲಿ ಉಕ್ಕಿನ ಟ್ಯಾಂಕಿನ ಆಯುಷ್ಯ ನೀರನ್ನು ದೂರವಿಡುವುದರಲ್ಲಿದೆ. ಎಥನಾಲ್ ನೀರನ್ನು ತನ್ನೊಳಗೆ ಕರಗಿಸಿಕೊಳ್ಳುತ್ತದೆ. ನೂರಕ್ಕೆ ಹತ್ತು ಪಾಲು ಎಥನಾಲ್ ಇರುವ ಪೆಟ್ರೋಲ್ ನೂರಕ್ಕೆ ಸುಮಾರು ಅರ್ಧ ಪಾಲು ನೀರನ್ನು ಕಾಣದಂತೆ ಹೊತ್ತುಕೊಳ್ಳಬಲ್ಲದು, ಅದನ್ನು ಮೀರಿದರೆ ನೀರು ಮತ್ತು ಎಥನಾಲ್ ಎರಡೂ ಕೂಡಿ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ನನ್ನ ಜಾಡಿಯಲ್ಲಿ ಕಂಡ ಕೆಳಪದರ ಅದೇ. ಪಂಪಿನ ಬಾಯಿ ಇರುವುದೂ ಅದೇ ತಳದಲ್ಲಿ. ಪ್ಲಾಸ್ಟಿಕ್ ಟ್ಯಾಂಕಿಗೆ ತುಕ್ಕಿನ ಭಯವಿಲ್ಲ, ಆದರೆ ಕೆಲವು ಬಗೆಯ ಪ್ಲಾಸ್ಟಿಕ್ ಎಥನಾಲನ್ನು ಹೀರಿ ಉಬ್ಬಿ, ಒಮ್ಮೆ ಕಳಚಿದ ಟ್ಯಾಂಕ್ ಮತ್ತೆ ತನ್ನ ಬೋಲ್ಟಿನ ರಂಧ್ರಕ್ಕೆ ಹೊಂದದಂತಾಗುತ್ತದೆ. ಅಲ್ಯೂಮಿನಿಯಂ ಹಗುರ, ಆದರೆ ನೆಗ್ಗಿದರೆ ಸರಿಪಡಿಸಬಲ್ಲ ಕೈ ಎಲ್ಲೆಡೆ ಸಿಗುವುದಿಲ್ಲ. ಈ ಮೂರರಲ್ಲಿ ನಾನು ಈಗಲೂ ಆರಿಸುವುದು ಉಕ್ಕನ್ನೇ. ನೆಗ್ಗಿದ್ದನ್ನು ಎತ್ತಬಹುದು, ತೂತನ್ನು ಬೆಸೆಯಬಹುದು, ಬೈಕನ್ನು ತಿಂಗಳುಗಟ್ಟಲೆ ನಿಲ್ಲಿಸುವಾಗ ಟ್ಯಾಂಕ್ ತುಂಬಿಸಿಟ್ಟರೆ ಒಳಗಿನ ಬರಿಯ ಗೋಡೆಯ ಮೇಲೆ ತೇವ ಕೂರಲು ಜಾಗವೇ ಉಳಿಯುವುದಿಲ್ಲ. ಆರು ವರ್ಷದ ಬಳಿಕ ಟಾರ್ಚ್ ಹಾಕಿ ನೋಡಿದರೆ ನನ್ನ ಟ್ಯಾಂಕಿನ ಬಲಬದಿ ಇಂದಿಗೂ ಬೆಳ್ಳಗೆ ಹೊಳೆಯುತ್ತದೆ. ಎಡಬದಿಯ ತಳದಲ್ಲಿ, ಆ ಮುಕ್ಕಾಲು ಲೀಟರ್ ಕೂತಿರುವ ಜಾಗದಲ್ಲಿ, ಅಂಗೈಯಗಲದ ಕಂದು ಕಲೆ ಬಿದ್ದಿದೆ.

ಪೆಟ್ರೋಲಿನ ಮಟ್ಟ ತೋರಿಸುವ ಮುಳ್ಳಿನ ಬಗ್ಗೆ ಹೇಳಲು ಹೆಚ್ಚಿಲ್ಲ. ಮೇಲೆ ಅಗಲ, ಕೆಳಗೆ ಕಿರಿದು, ನಡುವೆ ತೋಡು ಇರುವ ಪಾತ್ರೆಯಲ್ಲಿ ಒಂದು ಫ್ಲೋಟು ಏರಿಳಿಯುವುದನ್ನು ನೋಡಿ ಲೀಟರ್ ಹೇಳಲಾಗದು. ಮೊದಲರ್ಧ ನಿಧಾನವಾಗಿ, ಉಳಿದರ್ಧ ದಡದಡನೆ ಇಳಿಯುತ್ತದೆ. ನಾನು ನಂಬುವುದು ಕಿಲೋಮೀಟರ್ ಲೆಕ್ಕವನ್ನು. ಪಂಪ್ ಪೆಟ್ರೋಲಿನಲ್ಲಿ ಮುಳುಗಿಯೇ ತಂಪಾಗುವುದರಿಂದ ಕೊನೆಯ ಗೆರೆಯವರೆಗೆ ಓಡಿಸುವ ಅಭ್ಯಾಸವನ್ನೂ ಬಿಟ್ಟಿದ್ದೇನೆ.

ಬೈಕಿನ ಕೆಲಸವನ್ನೆಲ್ಲ ಸರ್ವಿಸ್ ಸೆಂಟರಿಗೆ ಒಪ್ಪಿಸುವವರಿಗೆ ಈ ಟ್ಯಾಂಕಿನಲ್ಲಿ ಕೊರತೆ ಕಾಣದು. ಪಾತ್ರೆಯಾಗಿ ಅದಕ್ಕೆ ಹತ್ತಕ್ಕೆ ಎಂಟು ಅಂಕ ಕೊಡುತ್ತೇನೆ. ಮುಚ್ಚಳವಾಗಿ ನಾಲ್ಕಕ್ಕಿಂತ ಹೆಚ್ಚು ಕೊಡಲಾರೆ, ಆ ನಾಲ್ಕರಲ್ಲೂ ಎರಡು ಹಿಂದಿನ ಬೋಲ್ಟಿನ ಉಕ್ಕಿನ ತೋಳಿಗೆ ಸಲ್ಲಬೇಕು. ಕೊಳ್ಳುವ ಯೋಚನೆಯಲ್ಲಿರುವವರು, ಯಾವುದೇ ಕಂಪನಿಯ ಬೈಕಾಗಲಿ, ಸೀಟು ತೆಗೆಸಿ ಟ್ಯಾಂಕಿನ ಹಿಂತುದಿಯನ್ನು ಎತ್ತಿ ತೋರಿಸಲು ಕೇಳಬೇಕು. ಮೂರು ಪೈಪುಗಳೂ ಪಂಪಿನ ವೈರೂ ಎತ್ತಿದ ಟ್ಯಾಂಕಿನ ಜೊತೆ ಬರುವಷ್ಟು ಉದ್ದವಾಗಿವೆಯೇ, ಮಳೆನೀರಿನ ಪೈಪಿಗೆ ಕ್ಲಿಪ್ ಇದೆಯೇ, ಎಡಬಲ ತಳಗಳಲ್ಲಿ ಎಲ್ಲಾದರೂ ಡ್ರೈನ್ ಸ್ಕ್ರೂ ಇದೆಯೇ ಎಂದು ನೋಡಬೇಕು. ನಾನು ನನ್ನ ಮಳೆನೀರಿನ ಪೈಪನ್ನು ಒಂದು ಗೇಣು ಉದ್ದದ್ದಕ್ಕೆ ಬದಲಿಸಿ ಚಾಸಿಗೆ ಎರಡು ಕಡೆ ಕ್ಲಿಪ್ ಹಾಕಿದ್ದೇನೆ, ಮರದ ತುಂಡಿಗೆ ಹಳೆಯ ಟ್ಯೂಬಿನ ರಬ್ಬರ್ ಸುತ್ತಿ ಸೀಟಿನ ಕೆಳಗೆ ಇಟ್ಟುಕೊಂಡಿದ್ದೇನೆ. ಎಡಬದಿಯ ಪೆಟ್ರೋಲನ್ನು ವರ್ಷಕ್ಕೊಮ್ಮೆ ಟ್ಯಾಂಕಿನ ಬಾಯಿಯ ಮೂಲಕವೇ ಪೈಪ್ ಇಳಿಸಿ ಹೀರಿ ತೆಗೆಯುತ್ತೇನೆ, ಆ ಕಲೆ ಕಳೆದ ಎರಡು ವರ್ಷಗಳಿಂದ ಬೆಳೆದಿಲ್ಲ.